ಅರ್ಥ ಹೇಳುವ ಹಂಬಿಸ್

ನಿಕೋಸಿಯಾದ ಕ್ಷೌರಿಕ ಹಂಬಿಸನ ಕೈಗೆ ಮುಖ ಕೊಟ್ಟವರು ಅರ್ಧ ಗಡ್ಡದಲ್ಲೇ ರಾಜಕೀಯ ಕೇಳಬೇಕಿತ್ತು. ಸೈಪ್ರಸ್ಸಿನ ಸ್ವಯಂ ಆಡಳಿತದ ಬಗ್ಗೆ ನಮ್ಮನ್ನಾಳುತ್ತಿದ್ದ ಇಂಗ್ಲಿಷರಿಗೂ ನಮ್ಮ ಮುಖಂಡರಿಗೂ ಮಾತುಕತೆ ನಡೆದ ಆ ಚಳಿಗಾಲವಿಡೀ ಅವನು ಕತ್ತಿ ಎತ್ತಿ ಹಿಡಿದುಕೊಂಡೇ ಪತ್ರಿಕೆ ಓದುತ್ತಿದ್ದ. "'ಸ್ವನಿರ್ಣಯದ ಹಕ್ಕು ಎಂದಿಗೂ ಸಿಗದು ಎಂಬುದು ಸರ್ಕಾರದ ನಿಲುವಲ್ಲ.' ಕೇಳಿದ್ರಾ? ಅಂದ್ರೆ ಕೊಡ್ತಾರೆ!" ಎಂದು ಒಂದು ಕೆನ್ನೆ ಕೆರೆಯುವನು. ಇನ್ನೊಂದು ಕೆನ್ನೆಗೆ ಬರುವಷ್ಟರಲ್ಲಿ, "ತಾಳಿ, ಕೊಡೋದಿಲ್ಲ ಅಂತಲೂ ಆಗುತ್ತಲ್ಲ!" ಎಂದು ನಿಂತುಬಿಡುವನು. "ಕೊಡ್ತಾರೋ ಬಿಡ್ತಾರೋ, ನನ್ನ ಕಿವಿ ಉಳಿಸೋ ಮಾರಾಯ," ಎಂದು ಬೇಕರಿಯ ಯಾಕೂಮಿಸ್ ಗೋಗರೆಯುತ್ತಿದ್ದ. ಅದೇ ಮಾತುಕತೆಯಲ್ಲಿ ಬಂದ ಕೈದಿಗಳ ಕ್ಷಮಾದಾನದ ಸುದ್ದಿಯನ್ನು ಮಾತ್ರ ಹಂಬಿಸ್ ಗಟ್ಟಿಯಾಗಿ ಓದುತ್ತಿರಲಿಲ್ಲ; ತುಟಿ ಅಲುಗಿಸುತ್ತ ಮತ್ತೆ ಮತ್ತೆ ಓದಿಕೊಳ್ಳುತ್ತಿದ್ದ. ಅವನ ಮಗ ಫಿದಿಯಾಸ್ ಇಂಗ್ಲಿಷರ ವಿರುದ್ಧದ ಹೋರಾಟಕ್ಕೆ ಬಾಂಬು ಸಾಗಿಸುವಾಗ ಸಿಕ್ಕಿಬಿದ್ದು ಜೈಲಿನಲ್ಲಿದ್ದ. ಅಂಥವರಿಗೂ ಕ್ಷಮೆ ಉಂಟೋ ಇಲ್ಲವೋ, ಯಾವ ಪತ್ರಿಕೆಯೂ ನೇರವಾಗಿ ಹೇಳುತ್ತಿರಲಿಲ್ಲ. ಮಾತುಕತೆ ಮುರಿದುಬಿತ್ತೆಂದು ರೇಡಿಯೊ ಹೇಳಿದ ಮಧ್ಯಾಹ್ನ ಅಂಗಡಿಯಲ್ಲಿ ಗಲಾಟೆಯೋ ಗಲಾಟೆ: ತಪ್ಪು ಯಾರದು, ಮತ್ತೆ ಕೂರುತ್ತಾರೋ, ಮುರಿದದ್ದು ಒಳ್ಳೆಯದೋ ಕೆಟ್ಟದ್ದೋ? ಎಲ್ಲರೂ ಹಂಬಿಸನ ಮುಖ ನೋಡಿದರು. ಅಷ್ಟರಲ್ಲಿ, ಎಂದೂ ಗಂಡಸರ ಆ ಅಂಗಡಿಯ ಹೊಸ್ತಿಲು ತುಳಿಯದ ಅವನ ಹೆಂಡತಿ ದೆಸ್ಪಿನು ಹಿಟ್ಟು ಮೆತ್ತಿದ ಕೈಯಲ್ಲೇ ಒಳಗೆ ಬಂದಳು. "ಅದೆಲ್ಲ ಇರ್ಲಿ. ನನ್ನ ಮಗ ಮನೆಗೆ ಬರ್ತಾನಾ?" ಹಂಬಿಸ್ ಕತ್ತಿ ಕೆಳಗಿಟ್ಟ. "ನಂಗೇನೂ ಅರ್ಥ ಆಗ್ಲಿಲ್ಲ ಕಣೇ," ಎಂದ. ಯಾಕೂಮಿಸ್ ಮುಖದ ನೊರೆಯನ್ನೂ ಒರೆಸಿಕೊಳ್ಳದೆ ಎದ್ದು, ಅವಳಿಗೆ ಕುರ್ಚಿ ಬಿಟ್ಟುಕೊಟ್ಟ.