ಹಾಲಿನ ಯಂತ್ರ ಕೊಟ್ಟ ಹೆಸರು

ದೆವ್ವ, ಪವಾಡ ಎಂದು ಯಾರಾದರೂ ಕಥೆ ಶುರು ಮಾಡಿದರೆ ನಾನು ಎದ್ದು ಹೋಗುವ ಗಿರಾಕಿ. ಯಂತ್ರ ರಿಪೇರಿ ಮಾಡಿ ಹೊಟ್ಟೆ ಹೊರೆಯುವವನಿಗೆ ಅದೆಲ್ಲ ಹಿಡಿಸುವುದಿಲ್ಲ. ಆದರೆ ಅಮೃತೂರಿನ ಹತ್ತಿರದ ಒಂದು ಹಾಲಿನ ಡೇರಿಯಲ್ಲಿ ನಡೆದದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಎದ್ದು ಹೋಗುವುದಾದರೆ ನೀವೂ ಹೋಗಬಹುದು.

ಎರಡು ಸಾವಿರದ ಇಸವಿಯಿಂದ ಈಚಿನ ಮಾತು. ತುಮಕೂರಿನಿಂದ ಮೊದಲ ಬಸ್ಸಿಗೆ ಹೋಗಿದ್ದೆ. ಹಾಲು ಅಳೆಯುವ ಯಂತ್ರದೊಳಗೆ ಸದಸ್ಯರ ಹೆಸರು, ನಂಬರು ಇಡುವ ಪುಟ್ಟ ಡೇಟಾಬೇಸ್ ಇತ್ತು. ಮೂರು ತಿಂಗಳಿಂದ ಅದು ಹೊಸಬರನ್ನು ಸೇರಿಸಿಕೊಳ್ಳದೆ ‘ಮೆಮೊರಿ ಫುಲ್’ ಎನ್ನುತ್ತಿತ್ತು. ಸೇರಲು ಕಾಯುತ್ತಿದ್ದವರು ಒಬ್ಬರೇ ಹೆಂಗಸು. ಎಲ್ಲರೂ ಅವರನ್ನು ‘ಹೊನ್ನಯ್ಯನ ಹೆಂಡ್ತಿ’ ಎನ್ನುತ್ತಿದ್ದರು. ಗಂಡ ತೀರಿಕೊಂಡ ಮೇಲೆ ಆತನ ನಂಬರನ್ನು ಡೇರಿಯ ಸೆಕ್ರೆಟರಿ ಅಳಿಸಿದ್ದರು. ಈಕೆಯ ಹಾಲು ಮೈದುನನ ನಂಬರಿಗೆ ಹೋಗುತ್ತಿತ್ತು. ಈಗ ಮೈದುನ, ಹಾಲು ನನ್ನ ಹೆಸರಲ್ಲಿದ್ದ ಮೇಲೆ ಹಸುವೂ ನನ್ನದೇ ಎಂದು ಕೂತಿದ್ದ. ಕೇಳಿ ನನಗೆ ಮೈ ಉರಿಯಿತು.

ಸೆಕ್ರೆಟರಿ ಹೀಗೆ ಹತ್ತಾರು ಹಳೆಯ ಹೆಸರು ಅಳಿಸಿದ್ದರೂ ಯಂತ್ರದಲ್ಲಿ ಜಾಗವಿಲ್ಲವೆಂದರೆ ಹೇಗೆ? ಹಾಲು ಕರೆಯುವ ಮುಂಚೆಯೇ ಖಾಲಿ ಕ್ಯಾನಿಟ್ಟು ಡೇರಿಯ ಸಾಲಿನಲ್ಲಿ ಜಾಗ ಹಿಡಿಯುವುದು ಅಲ್ಲಿನ ರೂಢಿ. ನಾನು ತಲೆ ಕೆರೆದುಕೊಳ್ಳುತ್ತಿದ್ದಾಗ ಆ ಸಾಲಿನ ಹಿಂದಿನಿಂದ ಒಬ್ಬರು ಕೂಗಿದರು: “ಆ ಖಾಲಿ ಕ್ಯಾನೆಲ್ಲ ಎತ್ತಿ ಪಕ್ಕಕ್ಕಿಡ್ರಲಾ, ಹಿಂದಿನೋರು ಮುಂದಕ್ಕೆ ಬರ್ಲಿ.”

ಯಂತ್ರದಲ್ಲೂ ಅದೇ ಆಗಿತ್ತು. ಅಳಿಸಿದ ಹೆಸರುಗಳು ಪಟ್ಟಿಯಿಂದ ಹೋಗಿದ್ದವು, ಹಿಡಿದ ಜಾಗ ಮಾತ್ರ ಬಿಟ್ಟಿರಲಿಲ್ಲ. ಅವನ್ನೆಲ್ಲ ಎತ್ತಿಹಾಕಿ, ಉಳಿದವರನ್ನು ಒತ್ತೊತ್ತಾಗಿ ಕೂರಿಸುವ ಆಜ್ಞೆ ಕೊಟ್ಟೆ. ನಡುವೆ ಕರೆಂಟು ಹೋದರೆ ಇಡೀ ಊರಿನ ಹೆಸರೇ ಮಂಗಮಾಯ. ಪುಣ್ಯಕ್ಕೆ ಹೋಗಲಿಲ್ಲ. ಜಾಗ ಸಿಕ್ಕಿತು, ಗೆದ್ದೆ ಎಂದು ಮೇಜು ಕುಟ್ಟಿದೆ.

ಹೊಸ ಸದಸ್ಯರ ಗುಂಡಿ ಒತ್ತಿದೆ. ಮೊದಲು ಹೆಸರು ಕೇಳಬೇಕಿದ್ದ ಯಂತ್ರ ಏನೂ ಕೇಳದೆ ಚೀಟಿ ಮುದ್ರಿಸಿತು. ಇಂಗ್ಲಿಷ್ ಅಕ್ಷರದಲ್ಲಿದ್ದುದನ್ನು ಓದಿ, “ರಂಗಮ್ಮ ಅಂದ್ರೆ ಯಾರು?” ಎಂದೆ.

“ನಾನೇ ಕಣಪ್ಪ,” ಎಂದು ಹೊನ್ನಯ್ಯನ ಹೆಂಡತಿ ಮುಂದೆ ಬಂದರು.

ಆ ಹೆಸರು ನನಗೆ ಗೊತ್ತೇ ಇರಲಿಲ್ಲ. ಹಳೆಯ ಪಟ್ಟಿಯನ್ನೆಲ್ಲ ಜಾಲಾಡಿದೆ, ಬೇರೆ ರಂಗಮ್ಮ ಸಿಗಲಿಲ್ಲ. ನೀವೇನಾದರೂ ಒತ್ತಿದ್ದಿರಾ ಎಂದು ಸೆಕ್ರೆಟರಿಯನ್ನು ಕೇಳಿದೆ. “ಹೆಸ್ರು ಹೊಡಿಯಕ್ಕೆ ಅದು ಬುಟ್ರೆ ತಾನೆ ಸಾರ್?” ಎಂದರು.

ಸಾಲಿನವರೆಲ್ಲ ನಗುತ್ತಾ ಆಕೆಗೆ ದಾರಿ ಬಿಟ್ಟರು. ಸಾಲಿನಲ್ಲೇ ನಿಂತಿದ್ದ ಮೈದುನ ಯಾವಾಗಲೋ ಜಾಗ ಖಾಲಿ ಮಾಡಿದ್ದ. ರಂಗಮ್ಮ ತಮ್ಮ ಹಾಲು ತಮ್ಮ ನಂಬರಿಗೆ ಹಾಕಿ, ಚೀಟಿಯನ್ನು ಸೆರಗಿಗೆ ಕಟ್ಟಿಕೊಂಡರು. ನನಗೇ ಹಬ್ಬವಾದಷ್ಟು ಖುಷಿಯಾಯಿತು. ಅವರಿಗೆ ಮಾತ್ರ ಆಶ್ಚರ್ಯವೇ ಆಗಿರಲಿಲ್ಲ.

“ಅದ್ಕೆ ಗೊತ್ತಿರ್ದೆ ಏನಪ್ಪಾ? ಮೂರು ತಿಂಗ್ಳಿಂದ ದಿನಾ ಎರಡೊತ್ತೂ ಅದ್ರ ಮುಂದೆ ನಿಂತು ಹೇಳಿವ್ನಿ, ಇದು ರಂಗಮ್ಮನ ಹಾಲು ಅಂತ.”

ಆ ಯಂತ್ರವನ್ನು ಅವತ್ತೇ ಪೂರ್ತಿ ಬಿಚ್ಚಿ ನೋಡಿದೆ. ಕೇಳಿಸಿಕೊಳ್ಳುವಂಥದ್ದು ಅದರೊಳಗೆ ಏನೂ ಇರಲಿಲ್ಲ.