ಬಸ್ಸಿಗೆ ಬಿದ್ದ ಓಟು

ತೊಂಬತ್ತರ ದಶಕದಲ್ಲಿ, ಅಮೆರಿಕದ ರೆಸ್ಟನ್ ಊರಿನ ನಮ್ಮ ಟೌನ್‌ಹೌಸ್ ಸಾಲಿನಲ್ಲಿ ರಾಜಕೀಯ ಗೊತ್ತಿದ್ದವನು ನಾನೊಬ್ಬನೇ. ಹಾಗಂತ ನಾನು ನಂಬಿದ್ದೆ. ಮನೆಗೊಂದು ಅಡುಗೆ ತರುವ ಶನಿವಾರದ ಪಾಟ್‌ಲಕ್ ಊಟಗಳಲ್ಲಿ ಪೇಪರ್ ತಟ್ಟೆಯಲ್ಲಿ ಬಿಸಿಬೇಳೆಬಾತ್ ಹಿಡಿದು ಬಾಯಿ ತೆರೆದರೆ, ತಟ್ಟೆ ಮೆತ್ತಗಾಗಿ ಬಾಗುವವರೆಗೂ ಮುಚ್ಚುತ್ತಿರಲಿಲ್ಲ. ವಾಷಿಂಗ್ಟನ್ ಹತ್ತಿರದಲ್ಲೇ ಇತ್ತು. ಅಲ್ಲಿ ನಡೆಯುವುದೆಲ್ಲ ನನ್ನನ್ನು ಕೇಳಿಯೇ ನಡೆಯುತ್ತದೆ ಎನ್ನುವ ಹಾಗೆ ಮಾತಾಡುತ್ತಿದ್ದೆ. ಆಗ ನನ್ನ ಹತ್ತಿರ ಗ್ರೀನ್ ಕಾರ್ಡಿತ್ತು, ಓಟಿರಲಿಲ್ಲ.

ನನ್ನ ಒಲವಾದರೂ ಗಟ್ಟಿಯಾಗಿತ್ತೇ? ಸಂಬಳದ ಚೀಟಿಯಲ್ಲಿ ತೆರಿಗೆ ಎಷ್ಟು ಹೋಯಿತೆಂದು ನೋಡಿದ ದಿನ ಒಂದು ಪಕ್ಷ, ವಲಸೆ ಬಂದವರ ಬಗ್ಗೆ ಯಾರಾದರೂ ಕೊಂಕು ಮಾತಾಡಿದ್ದನ್ನು ಕೇಳಿದ ದಿನ ಇನ್ನೊಂದು. ಕೊನೆಗೆ ನಮ್ಮ ಮ್ಯಾನೇಜರ್ ಯಾವ ಪಕ್ಷವೋ ಅದಕ್ಕೇ ಅಂಟಿಕೊಂಡೆ. ಅದನ್ನು ಸಿದ್ಧಾಂತ ಎಂದು ಕರೆದುಕೊಂಡೆ.

ನನ್ನ ಹೆಂಡತಿ ರಾಜಕೀಯ ಮಾತಾಡುತ್ತಿರಲಿಲ್ಲ. ಅವಳಿಗೆ ಬೇಕಿದ್ದದ್ದು ಒಂದು ಬಸ್ಸು. ಮೈಸೂರಿನಲ್ಲಿ ಸಿಟಿ ಬಸ್ಸು ಹತ್ತಿ ಬೇಕೆಂದಲ್ಲಿಗೆ ಹೋಗುತ್ತಿದ್ದವಳು ಇಲ್ಲಿ ಲೈಬ್ರರಿಗೆ ಹೋಗಬೇಕೆಂದರೂ ನನ್ನ ಮುಖ ನೋಡಬೇಕಿತ್ತು. ಕಮ್ಯುನಿಟಿ ಕಾಲೇಜಿನಲ್ಲಿ ಅಕೌಂಟಿಂಗ್ ಕ್ಲಾಸು ಸೇರಬೇಕೆಂಬುದು ಅವಳ ಬಹಳ ದಿನದ ಆಸೆ. ಕ್ಲಾಸು ಮಧ್ಯಾಹ್ನ, ಇದ್ದ ಒಂದು ಕಾರು ಮಧ್ಯಾಹ್ನ ನನ್ನ ಆಫೀಸಿನಲ್ಲಿ. ಸಾಲದ್ದಕ್ಕೆ ಡ್ರೈವಿಂಗ್ ಟೆಸ್ಟಿನಲ್ಲಿ ಅವಳು ಮತ್ತೆ ಮತ್ತೆ ಫೇಲಾಗುತ್ತಿದ್ದಳು. ಕಲಿಸುತ್ತಿದ್ದವನು ನಾನೇ ಎಂಬುದನ್ನು ಮಾತ್ರ ನಾನು ಯಾರ ಹತ್ತಿರವೂ ಹೇಳುತ್ತಿರಲಿಲ್ಲ.

ಇಬ್ಬರೂ ಒಂದೇ ದಿನ ಸಿಟಿಜನ್ ಆದೆವು. ಪ್ರಮಾಣವಚನ ಮುಗಿಸಿ ಹೊರಗೆ ಬಂದಾಗ, ಮೇಜು ಹಾಕಿಕೊಂಡು ಕೂತಿದ್ದ ಇಬ್ಬರು ಬಿಳಿಕೂದಲಿನ ಹೆಂಗಸರು ನಗುತ್ತಾ ಕರೆದರು. ಈ ದೇಶದಲ್ಲಿ ಗುರುತಿಲ್ಲದವರು ನಕ್ಕು ಕರೆದರೆ ಇನ್ಶೂರೆನ್ಸೋ ಸೋಪೋ ಮಾರುತ್ತಾರೆ ಎಂದು ಅಷ್ಟು ವರ್ಷಗಳಲ್ಲಿ ಕಲಿತಿದ್ದೆ. "ನೋ ಥ್ಯಾಂಕ್ಸ್" ಎಂದು ಹೆಂಡತಿಯ ಮೊಣಕೈ ಹಿಡಿದು ಸರಸರ ನಡೆದುಬಿಟ್ಟೆ.

ಮತದಾರರ ಪಟ್ಟಿಯ ಚಿಂತೆ ನನಗೆ ಇರಲೇ ಇಲ್ಲ. ಮೈಸೂರಿನ ನಮ್ಮ ಬೀದಿಯಲ್ಲಿ ಪ್ರೈಮರಿ ಸ್ಕೂಲಿನ ಮೇಷ್ಟ್ರೇ ಮನೆಮನೆಗೆ ಬಂದು, ಕಾಫಿ ಕುಡಿದು, ಎಲ್ಲರ ಹೆಸರು ಬರೆದುಕೊಂಡು ಹೋಗುತ್ತಿದ್ದರು. ಅಲ್ಲೇ ಅಷ್ಟು ನಡೆಯುವಾಗ ಅಮೆರಿಕದಲ್ಲಿ ನಡೆಯದೇ ಇರುತ್ತದೆಯೇ? ಹೊಸದಾಗಿ ಸಿಟಿಜನ್ ಆಗಿದ್ದ ನಮ್ಮ ಸಾಲಿನ ಕನ್ನಡದ ಗಂಡಸರು ಕೇಳಿದಾಗಲೂ ನಾನು ಧೈರ್ಯ ಹೇಳಿದೆ.

"ನೀವೇನೂ ಮಾಡ್ಬೇಡಿ ಸಾರ್, ಎಲ್ಲಾ ಕಂಪ್ಯೂಟರಲ್ಲಿ ಇರತ್ತೆ. ಸೀದಾ ಹೋಗಿ ವೋಟ್ ಮಾಡೋದು, ಅಷ್ಟೇ."

ಕಂಪ್ಯೂಟರ್ ಅಂದಮೇಲೆ ನಮ್ಮ ಜನ ಮರುಮಾತಾಡಲಿಲ್ಲ.

ಮುಂದಿನ ನವೆಂಬರಿನಲ್ಲಿ ಕೌಂಟಿ ಚುನಾವಣೆ ಬಂತು, ನಮ್ಮ ಕಡೆಯ ಜಿಲ್ಲಾ ಪಂಚಾಯಿತಿಯ ಹಾಗೆ. ನಮ್ಮ ಭಾಗಕ್ಕೆ ಇಬ್ಬರು ನಿಂತಿದ್ದರು. ನನ್ನ ಪಕ್ಷದವನು ಸದಾ ಕೋಟು ಹಾಕಿರುತ್ತಿದ್ದ ರಿಯಲ್ ಎಸ್ಟೇಟ್ ಮನುಷ್ಯ. ಎದುರು ಪಕ್ಷದಾಕೆ ರಿಟೈರಾದ ನರ್ಸು. ನಮ್ಮ ರಸ್ತೆಗೆ ಬಸ್ಸು ತರುತ್ತೇನೆ, ಅದು ಲೈಬ್ರರಿಗೂ ಹೋಗುತ್ತದೆ, ಕಾಲೇಜಿಗೂ ಹೋಗುತ್ತದೆ ಎಂದು ಆಕೆ ಬಾಗಿಲಿಗೇ ಬಂದು ಹೇಳಿಹೋಗಿದ್ದಳು. ಬಾಗಿಲು ತೆಗೆದವಳು ನನ್ನ ಹೆಂಡತಿ. ಅವತ್ತಿನಿಂದ ಅವಳ ಮುಖದಲ್ಲಿ ಬೇರೆಯೇ ಕಳೆ.

ಇದು ಅಪಾಯ ಎನಿಸಿ ನಾನು ಒಂದು ಇಡೀ ಸಂಜೆ ಅವಳಿಗೆ ಪಾಠ ಮಾಡಿದೆ.

"ಒಂದು ಬಸ್ಸಿಗೋಸ್ಕರ ಪಾರ್ಟಿ ಬಿಡಕ್ಕಾಗತ್ತಾ? ದೇಶದ ಮಟ್ಟದಲ್ಲಿ ಯೋಚನೆ ಮಾಡ್ಬೇಕು ಕಣೇ."

"ದೇಶದ ಮಟ್ಟದಲ್ಲಿ ನಾನು ಕಾಲೇಜಿಗೆ ಹೇಗೆ ಹೋಗೋದು ರೀ?"

ಈ ಪ್ರಶ್ನೆಯನ್ನು ಪಕ್ಕಕ್ಕಿಟ್ಟು ಪಾಠ ಮುಂದುವರಿಸಿದೆ. ನಮ್ಮ ಮನೆಯಲ್ಲಿ ಅಪ್ಪ ಹೇಳಿದ ಗುರುತಿಗೇ ಎಲ್ಲರ ಓಟೂ ಬೀಳುತ್ತಿತ್ತು. ಆ ಪದವಿ ಈಗ ನನಗೆ ಬಂದಿದೆ ಎಂದುಕೊಂಡಿದ್ದೆ.

ಚುನಾವಣೆಯ ದಿನ ಆಫೀಸಿಗೆ ತಡವಾಗಿ ಬರುತ್ತೇನೆಂದು ಹೇಳಿ, ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು, ಹೆಂಡತಿಯನ್ನು ಕರೆದುಕೊಂಡು ಹೊರಟೆ. ಸ್ಕೂಲಿನ ಜಿಮ್ಮೇ ಮತಗಟ್ಟೆ. ರಜೆಯಿಲ್ಲ, ನೂಕುನುಗ್ಗಲಿಲ್ಲ, ಚುನಾವಣೆಯ ಗದ್ದಲವೇ ಇಲ್ಲ. ಮೇಜಿನ ಹಿಂದಿದ್ದ ಅಜ್ಜ ನನ್ನ ಹೆಸರು ಹುಡುಕಿದ. ಹಿಂದುಮುಂದು ಮಾಡಿ ಮತ್ತೊಮ್ಮೆ ಹುಡುಕಿದ. ಎಲ್ಲೂ ಇರಲಿಲ್ಲ. ರಿಜಿಸ್ಟರ್ ಮಾಡಿಸಿದ್ದೀರಾ ಎಂದು ಕೇಳಿದ. ನಾನು ಸಿಟಿಜನ್ ಎಂದೆ, ಎದೆಯುಬ್ಬಿಸಿ. ಅದು ತಾನಾಗಿಯೇ ಆಗುವುದಿಲ್ಲ, ನಾವೇ ಬರೆಸಬೇಕು, ಕೊನೆಯ ದಿನ ಯಾವಾಗಲೋ ಕಳೆಯಿತು ಎಂದು ಅಜ್ಜ ಮೆಲ್ಲಗೆ ವಿವರಿಸಿದ. ಪ್ರಮಾಣವಚನದ ದಿನ ಹೊರಗೆ ಮೇಜು ಹಾಕಿಕೊಂಡು ಇದಕ್ಕೇ ಕೂತಿರುತ್ತಾರಲ್ಲ, ನೋಡಲಿಲ್ಲವೇ ಎಂದೂ ಕೇಳಿದ. ನೋಡಿದ್ದೆ. ಸೋಪು ಬೇಡವೆಂದು ಬಂದಿದ್ದೆ.

ನನ್ನ ಹಿಂದೆ ನಿಂತಿದ್ದ ಹೆಂಡತಿಯ ಹೆಸರು ಪಟ್ಟಿಯಲ್ಲಿತ್ತು. ಡ್ರೈವಿಂಗ್ ಟೆಸ್ಟಿಗೆ ಹೋಗುತ್ತಿದ್ದ ಆಫೀಸಿನಲ್ಲೇ, ಕೌಂಟರಿನವರು ಕೇಳಿದಾಗ ಬರೆಸಿದ್ದಳಂತೆ.

"ನಿಮ್ಮದು ಇದ್ದೇ ಇರತ್ತೆ ಅಂದ್ಕೊಂಡೆ ರೀ" ಎಂದಷ್ಟೇ ಹೇಳಿ ಒಳಗೆ ಹೋದಳು. ಮಕ್ಕಳನ್ನು ಸ್ಕೂಲಿಗೆ ಬಿಡಲು ಬಂದ ಡ್ರೈವರನ ಹಾಗೆ ನಾನು ಹೊರಗೆ ನಿಂತೆ.

ಅಷ್ಟರಲ್ಲಿ ನಮ್ಮ ಸಾಲಿನ ಗಂಡಸರು ಬರತೊಡಗಿದರು. ಒಬ್ಬೊಬ್ಬರೇ ಒಳಗೆ ಹೋದರು, ಹೋದಷ್ಟೇ ಬೇಗ ಹೊರಗೆ ಬಂದರು. ನನ್ನನ್ನು ಕಂಡೂ ಕಾಣದವರ ಹಾಗೆ ಕಾರು ಹತ್ತಿದರು. ಆ ಸಲ ನಮ್ಮ ಕಡೆ ಮತದಾನ ಏಕೆ ಕಮ್ಮಿಯಾಯಿತೆಂದು ಯಾರಾದರೂ ಸಂಶೋಧನೆಗೆ ಹೊರಟಿದ್ದರೆ ದೂರ ಹೋಗಬೇಕಿರಲಿಲ್ಲ, ನಮ್ಮ ಮನೆಯ ಬೆಲ್ ಒತ್ತಿದ್ದರೆ ಸಾಕಿತ್ತು.

ವಾಪಸ್ ಬರುವಾಗ ಕಾರಿನಲ್ಲಿ ತಡೆಯಲಾರದೆ ಕೇಳಿದೆ.

"ಯಾರಿಗೆ ಹಾಕ್ದೆ?"

"ಬಸ್ಸಿಗೆ."

ಬಸ್ಸು ಸೋತಿತು. ಮರುದಿನ ಬೆಳಿಗ್ಗೆ ಟೀವಿಯಲ್ಲಿ ಹೇಳಿದರು, ಅಂತರ ದೊಡ್ಡದೇನಲ್ಲ. ಅವಳು ಟೀವಿ ಆರಿಸಿ, ಟೀಪಾಯಿಯ ಮೇಲಿದ್ದ ಕಾಲೇಜಿನ ಕ್ಯಾಟಲಾಗನ್ನು ಹಳೇ ಪೇಪರಿನ ರಾಶಿಗೆ ಸೇರಿಸಿದಳು. ಗೆದ್ದವನು ನನ್ನ ಪಕ್ಷದವನೇ. ಆದರೂ ಆ ರಾಶಿಯ ಕಡೆ ನೋಡಲು ನನಗೆ ಮನಸ್ಸಾಗಲಿಲ್ಲ. ಏನಾದರೂ ಸಮಾಧಾನ ಹೇಳಬೇಕೆನಿಸಿತು.

"ಛೆ, ನನ್ ಹೆಸರೂ ಲಿಸ್ಟಲ್ಲಿ ಇದ್ದಿದ್ರೆ..."

"ಇದ್ದಿದ್ರೆ ನೀವು ಆ ಕೋಟಿನವನಿಗೆ ಹಾಕ್ತಿದ್ರಿ," ಎಂದಳು, ಕಾಫಿ ಲೋಟ ನನ್ನ ಮುಂದಿಡುತ್ತಾ. "ಅಲ್ಲಿಗೆ ನನ್ನ ವೋಟು ಹಾಕಿದ್ದೂ ಒಂದೇ, ಹಾಕದೇ ಇದ್ದಿದ್ದೂ ಒಂದೇ ಆಗ್ತಿತ್ತು. ಪುಣ್ಯಕ್ಕೆ ನಿಮ್ಮನ್ನ ವಾಪಸ್ ಕಳಿಸಿದ್ರು, ನಂದಾದ್ರೂ ಉಳೀತು. ಕುಡೀರಿ, ಆಫೀಸಿಗೆ ಹೊತ್ತಾಯ್ತು."