ಕಂದಾಯ ಮಾಫಿಯ ದೇಶ

ಲಕ್ಕವಳ್ಳಿ ಡ್ಯಾಮಿನ ಕೆಲಸ ಮುಗಿಯುತ್ತ ಬಂದಾಗ, ಅಲ್ಲಿ ಓವರ್‌ಸಿಯರ್ ಆಗಿದ್ದ ನಾನು ಆಫ್ರಿಕಾಕ್ಕೆ ಹಾಕಿದ್ದ ಅರ್ಜಿಗೆ ಉತ್ತರ ಬಂತು. ಅಲ್ಲಿನ ಹೊಸ ಸರ್ಕಾರವೊಂದು ಅಣೆಕಟ್ಟು ಕಟ್ಟಿಸುತ್ತಿತ್ತು. ಕೆಲಸ ಬಲ್ಲವರು ಬಂದು ನೆಲೆಸಿದರೆ ಮೊದಲ ಮೂರು ವರ್ಷ ಸಂಬಳದ ಮೇಲೆ ತೆರಿಗೆ ಇಲ್ಲ ಎಂದು ಅದರಲ್ಲಿ ಬರೆದಿತ್ತು.

ಅಜ್ಜಂಪುರದ ಮನೆಗೆ ಓಡಿಬಂದು ಅಪ್ಪನ ಮುಂದೆ ಓದಿದೆ. ಇನ್‌ಕಮ್ ಟ್ಯಾಕ್ಸ್ ಎಂದರೆ ಹೊಲ ಉಳುವ ಅಪ್ಪನಿಗೆ ತಿಳಿಯುವುದಿಲ್ಲವೆಂದು, ದೊಡ್ಡ ಜಾಣನ ಹಾಗೆ, "ಮೂರು ವರ್ಷ ಕಂದಾಯ ಮಾಫಿಯಂತೆ ಅಪ್ಪಾ" ಎಂದೆ. ಅಷ್ಟೇ, ನನ್ನ ಬಾಯಿಂದಲೇ ನಾನು ಕೆಟ್ಟೆ.

"ಮಾಫಿ ಯಾವಾಗ ಮಾಡ್ತಾರೋ? ಬೆಳೆ ಹೋದಾಗ ಕಣೋ. ಮೂರು ವರ್ಷದ್ದು ಮುಂಚೇನೇ ಮಾಫಿ ಮಾಡವ್ರೆ ಅಂದ್ರೆ ಅಲ್ಲಿ ಹುಲ್ಲೂ ಹುಟ್ಟಲ್ಲ. ಅಂಥ ನೆಲಕ್ಕೆ ಮಗನ್ನ ಕಳಿಸ್ಲಾ?"

ಇದು ಆ ಕಂದಾಯ ಅಲ್ಲ ಎಂದು ವಾರವಿಡೀ ಗಂಟಲು ಹರಿದುಕೊಂಡೆ. ಬೀದಿಯವರೆಲ್ಲ ಅಪ್ಪನ ಮಾತಿಗೇ ತಲೆಯಾಡಿಸಿದರು. ಅವನ ಮಾತು ಮೀರಿ ಹೊಸಿಲು ದಾಟುವ ಎದೆಗಾರಿಕೆ ನನಗಿರಲಿಲ್ಲ. ಸಿಟ್ಟು ಮಾತ್ರ ಬೇಕಾದಷ್ಟಿತ್ತು. ಒಪ್ಪಿಗೆ ಬರೆದು ಕಳಿಸುವ ಗಡುವು ದಾಟಿಹೋಯಿತು.

ಮರುವರ್ಷ ಮಳೆ ಕೈಕೊಟ್ಟಿತು. ನಮ್ಮ ಹೋಬಳಿಗೇ ಕಂದಾಯ ಮಾಫಿಯಾಗಿದೆ ಎಂದು ಚಾವಡಿಯ ಮುಂದೆ ಸಾರಿದರು. ನಾನು ಒಳಗೊಳಗೇ ಕುದಿಯುತ್ತ ಅಪ್ಪನ ಮುಖ ನೋಡಿದೆ. ಅವನು ಸಮಾಧಾನವಾಗಿ ನನ್ನ ಹೆಗಲ ಮೇಲೆ ಕೈಯಿಟ್ಟ.

"ನೋಡಪ್ಪಾ, ನೀನು ಕೇಳಿದ್ದು ಇಲ್ಲೇ ಸಿಕ್ತು. ಇನ್ನೆಲ್ಲಿಗೂ ಹೋಗ್ಬೇಡ."